ಎರಡು ಸಲ ಸತ್ತವರ ಎಡೆ

ನಮ್ಮ ಯಜಮಾನರು ಎರಡು ಸಲ ಸತ್ತರು. ನಗಬೇಡಿ, ನಿಜ ಹೇಳುತ್ತಿದ್ದೇನೆ!

ಎಲ್ಲವೂ ಸರಿಯಿದ್ದ ಕೊನೆಯ ದಿನ ಅವರು ಶ್ರೀನಿವಾಸಪುರದ ನಮ್ಮ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತು, ಬಕೆಟ್ಟಿನ ತಣ್ಣೀರಿನಲ್ಲಿ ಹಾಕಿದ್ದ ರಸಪುರಿ ಹಣ್ಣುಗಳನ್ನು ಒಂದೊಂದಾಗಿ ಎತ್ತಿ ಹೀರುತ್ತಿದ್ದರು. ತೋಪು ನಮ್ಮದೇ. ಮಂಡಿಗೆ ಹೋಗುವ ಹಣ್ಣಿಗೂ ಇವರ ಹೊಟ್ಟೆಗೆ ಹೋಗುವ ಹಣ್ಣಿಗೂ ಪ್ರತಿ ವರ್ಷ ಪೈಪೋಟಿ!

"ಸಾಕು ಬಿಡ್ರೀ," ಅಂದೆ.

"ಬಕೆಟ್‌ನಲ್ಲಿ ನೀರು ಕಾಣ್ಲಿ ಕಣೇ, ನಿಲ್ಲಿಸ್ತೀನಿ."

ಕಾಲಿನ ಹೆಬ್ಬೆರಳಿನ ಗಾಯದ ಮೇಲೆ ನೊಣ ಕೂತಿತ್ತು. ಬಹಳ ದಿನದಿಂದ ಮಾಯದ ಗಾಯ. ನಾವಿಬ್ಬರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಮಾರನೆಯ ದಿನ ಕೋಲಾರದ ಡಾಕ್ಟರು ಅವರ ಮೂತ್ರವನ್ನು ಯಾವುದೋ ನೀಲಿ ನೀರಿನ ಜೊತೆ ಗಾಜಿನ ಕೊಳವೆಯಲ್ಲಿ ಕಾಯಿಸಿ ತೋರಿಸಿದರು. ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ಸಕ್ಕರೆ ಕಾಯಿಲೆ. ಬಾಯಿ ಕಟ್ಟಿ. ಇಲ್ಲಾಂದ್ರೆ ಮೊದ್ಲು ಬೆರಳು ಹೋಗುತ್ತೆ, ಆಮೇಲೆ ಕಾಲು," ಅಂದರು. ವಾಪಸು ಬರುವಾಗ ಇವರು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಮ್ಮ ಕಾಲನ್ನೇ ನೋಡುತ್ತಿದ್ದರು, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

ನಾನು ಹಣ್ಣಿನ ಕೋಣೆಗೆ ಬೀಗ ಜಡಿದು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಪಥ್ಯಕ್ಕೆ ಒಂದು ಬೀಗ ಸಾಕು ಅಂದುಕೊಂಡ ನನ್ನ ಬುದ್ಧಿಗೆ ಏನೆನ್ನಲಿ! ತಿನ್ನುವ ಹೊತ್ತಿನಲ್ಲಿ ಮಾತ್ರ ತಿಂಡಿಯ ಯೋಚನೆ ಮಾಡುತ್ತಿದ್ದ ಮನುಷ್ಯ ಈಗ ದಿನವಿಡೀ ಅದನ್ನೇ ಯೋಚಿಸತೊಡಗಿದರು. ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು.

"ಹೆಸರು ಹಿಡಿದು ಕರೀತಿದೆ ಕಣೇ."

"ಯಾರ್ರೀ ಕರೆಯೋದು?"

"ಒಳಗಿರೋದು."

ನಾನು ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡೆ. ಸಂಜೆ ನೋಡಿದರೆ ಇವರ ಮೀಸೆಯಲ್ಲಿ ಮಾವಿನ ನಾರು! ಮಗನ ಸಂಕಟ ನೋಡಲಾರದೆ ನಮ್ಮತ್ತೆ ಕಿಟಕಿಯಿಂದ ದೋಟಿ ತೂರಿಸಿ ಹಣ್ಣು ಎಳೆದುಕೊಟ್ಟಿದ್ದರು. ಮನೆಯೊಳಗಿಂದ ಮಾವಿನಹಣ್ಣು ಕೊಯ್ದವರು ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು! ನಗು ಬಂತು. ಆದರೆ ಅಷ್ಟರಲ್ಲಿ ಬೆರಳಿನ ತುದಿ ಕಪ್ಪಾಗುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟು, ಅವರ ಬಟ್ಟೆ ಪಕ್ಕದಲ್ಲಿರಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮ ಪದ್ಧತಿ. ಆ ದಿನ ಮಾವನವರ ಎಲೆಯ ಪಕ್ಕ ಇವರು ಇನ್ನೊಂದು ಎಲೆ ಹಾಸಿದರು. ಒಬ್ಬಟ್ಟು, ಕಜ್ಜಾಯ, ಅನ್ನದ ಗುಡ್ಡ. ಪಕ್ಕದಲ್ಲಿ ತಮ್ಮದೇ ಅಂಗಿ!

"ಇದ್ಯಾರಿಗ್ರೀ?"

"ತಿನ್ನೋನಿಗೆ. ಅವನು ಸತ್ತ. ಇವತ್ತಿಂದ ನಾನೇ ಬೇರೆ."

"ಓರಿ ನಾಯನಾ, ಏಮ್ ಮಾಟಲುರಾ ಇವಿ!" ಇದೆಂಥ ಮಾತೋ ಎಂದು ಅತ್ತೆ ಎದೆ ಬಡಿದುಕೊಂಡರು. ಸಾವಿನ ಮಾತು ಬಂದರೆ ಅವರಿಗೆ ತೆಲುಗೇ ಬರುತ್ತಿತ್ತು.

ಇವರು ಬಾಗಿಲು ಮುಚ್ಚಿ ನಮ್ಮ ಜೊತೆ ಪಡಸಾಲೆಯಲ್ಲಿ ಕೂತು, ಬಾಯಿಯ ಮೇಲೆ ಬೆರಳಿಟ್ಟು "ಷ್! ಉಣ್ತಿದಾನೆ," ಅಂದರು.

ಅಂದಿನಿಂದ ಪ್ರತಿ ಅಮಾವಾಸ್ಯೆಯೂ ಇದೇ. ಎಡೆ ಕೊನೆಗೆ ಹಸುವಿಗೆ ಹೋಗುತ್ತಿತ್ತು. ಇವರು ಇಳಿದರು, ಹಸು ದಪ್ಪವಾಯಿತು! ಮುಂದಿನ ಮಾವಿನ ಕಾಲಕ್ಕೆ ಬೀಗ ತೆಗೆದೆ. ಹಣ್ಣು ಕಣ್ಣೆದುರೇ ಇದ್ದರೂ ಮುಟ್ಟಲಿಲ್ಲ. ಕೇಳಿದರೆ, "ಸತ್ತೋನ ಊಟಕ್ಕೆ ಕೈ ಹಾಕ್ತಾರೇನೇ?" ಅನ್ನುವರು. ಆಗ ನನಗೆ ತಿಳಿಯಿತು. ನಾನು ಬೇಡ ಬೇಡ ಅಂದು ಇವರ ಒಳಗಿದ್ದವನನ್ನು ಕೂಡಿಹಾಕಿದ್ದೆ. ಇವರು ಅವನನ್ನು ಕಳಿಸಿಕೊಟ್ಟಿದ್ದರು, ಮರ್ಯಾದೆಯಿಂದ.

ಮುಳಬಾಗಿಲಿನ ಮದುವೆಯೊಂದರಲ್ಲಿ ಬಡಿಸುವಾತ ಬಿಡಲಿಲ್ಲ. "ಇನ್ನೊಂದು ಹಾಕಿಸ್ಕೊಳ್ಳಿ ಸ್ವಾಮಿ!"

"ತಿನ್ನೋರು ತೀರ್ಕೊಂಡ್ರಪ್ಪ," ಅಂದರು ಇವರು.

"ಅಯ್ಯಯ್ಯೋ, ಯಾವಾಗ?"

"ಮಹಾಲಯ ಅಮಾವಾಸ್ಯೆಗೆ."

ಪಾಪ, ಆತ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಸಮಾಧಾನ ಹೇಳಿ ಹೋದ!

ನಗುವಿನ ನಡುವೆಯೂ ನನಗೆ ಒಂದು ಭಯವಿತ್ತು. ಎಡೆಯ ಪಕ್ಕ ಇಡುತ್ತಿದ್ದ ಆ ಅಂಗಿ ಮೊಳೆಯಲ್ಲಿ ನೇತಾಡುತ್ತಿತ್ತು. ಇವರು ತೆಳ್ಳಗಾದಷ್ಟೂ ಅದು ದೊಡ್ಡದಾಗುತ್ತಾ ಹೋದಂತೆ ಕಾಣುತ್ತಿತ್ತು. ಗಾಳಿಗೆ ಉಬ್ಬಿದಾಗ ಅದರೊಳಗೆ ದಪ್ಪನೆಯ ಯಾರೋ ನಿಂತು ಅಡುಗೆಮನೆಯ ಕಡೆ ನೋಡುತ್ತಿರುವ ಹಾಗೆ. ಒಂದು ಮಾವಿನ ಕಾಲದ ಅಮಾವಾಸ್ಯೆಯಂದು ಬಾಗಿಲು ತೆಗೆದಾಗ ಎಲೆಯ ಮೇಲಿದ್ದ ರಸಪುರಿ ಬರೀ ಸಿಪ್ಪೆ, ಓಟೆ. ಕಿಟಕಿ ಮುಚ್ಚಿತ್ತು. ಅತ್ತೆಯ ದೋಟಿ ಅಟ್ಟದ ಮೇಲಿತ್ತು; ಅತ್ತೆ ನನ್ನ ಪಕ್ಕದಲ್ಲೇ ಇದ್ದರು.

"ನಾನಲ್ಲ ಕಣೇ," ಅಂದರು ಇವರು ಮೆಲ್ಲಗೆ.

"ಗೊತ್ತು ರೀ. ನೀವೂ ಇಲ್ಲೇ ಇದ್ರಲ್ಲ."

ಅವರು ಬಹಳ ಹೊತ್ತು ಆ ಓಟೆಯನ್ನೇ ನೋಡಿದರು. "ಪಾಪ, ಅವನಿಗಿನ್ನೂ ಹಸಿವು."

ಇಲಿಯೋ ಅಳಿಲೋ ಇರಬೇಕು ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಓಟೆ ಮಾತ್ರ ಇವರು ಹೀರಿ ಇಡುತ್ತಿದ್ದ ಹಾಗೆಯೇ ನುಣ್ಣಗಿತ್ತು.

ಗಾಯ ಮಾಯಿತು. ಡಾಕ್ಟರ ಕೊಳವೆಯಲ್ಲಿ ನೀರು ನೀಲಿಯಾಗಿಯೇ ಉಳಿಯಿತು. ಆಮೇಲೆ ಎಷ್ಟೋ ವರ್ಷ ಇವರು ತೋಪಿನಲ್ಲಿ ಓಡಾಡಿದರು. ಅತ್ತೆ ಹೋದರು. ಎರಡನೆಯ ಸಲ ಇವರು ಸತ್ತದ್ದು ಸಕ್ಕರೆಯಿಂದಲ್ಲ, ಎದೆನೋವಿನಿಂದ. ಮಲಗಿಸಿದಾಗ ನಾನು ಮೊದಲು ನೋಡಿದ್ದು ಅವರ ಪಾದಗಳನ್ನು. ಎರಡೂ ಇದ್ದವು. ಬೆರಳುಗಳೂ ಎಲ್ಲ ಇದ್ದವು.

ಈ ಸಲದ ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಕೂತಾಗ ಕೈ ನಿಂತುಹೋಯಿತು. ಯಾರಿಗೆ ಇಡಲಿ? ಕೊನೆಗೆ ಎರಡು ಎಲೆ ಹಾಸಿದೆ. ಒಂದರಲ್ಲಿ ಮುದ್ದೆ, ಸೊಪ್ಪಿನ ಸಾರು. ಇನ್ನೊಂದರಲ್ಲಿ ಒಬ್ಬಟ್ಟು, ಕಜ್ಜಾಯ, ಅನ್ನದ ಗುಡ್ಡ. ಇಬ್ಬರೂ ಎದುರುಬದುರು ಕೂತು ಉಣ್ಣಲಿ, ಇನ್ನು ಯಾವ ಕಾಲಿಗೂ ಏನೂ ಆಗುವುದಿಲ್ಲ.

ಬಾಗಿಲು ಮುಚ್ಚಿ ಪಡಸಾಲೆಯಲ್ಲಿ ಕೂತೆ. ಒಳಗೆ ಏನೋ ಸದ್ದಾದ ಹಾಗಾಯಿತು. ಪಕ್ಕಕ್ಕೆ ತಿರುಗಿದೆ.

ಬಾಯಿಯ ಮೇಲೆ ಬೆರಳಿಟ್ಟು "ಷ್" ಅನ್ನುವವರು ಇರಲಿಲ್ಲ.