ಏಕಾಂತಯ್ಯನವರ ಆಷಾಢದ ವಿಮಾನ

"ರೈಟ್ ಸಹೋದರರು ಇಬ್ಬರು ಸೇರಿ ಮಾಡಿದ್ದನ್ನ ನಾನು ಒಬ್ಬನೇ ಮಾಡ್ತೀನಿ, ನೋಡ್ತಿರು!"

2006ರ ಆಷಾಢದ ಮೊದಲ ದಿನ, ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದ ಏಕಾಂತಯ್ಯನವರು ಈ ರಾಜಘೋಷಣೆಯನ್ನು ಹೊರಡಿಸಿದರು. ಘೋಷಣೆಗೆ ಒಂದಿಷ್ಟು ಗಾಂಭೀರ್ಯವಿರಲೆಂದು ಸೌಟನ್ನೂ ಎತ್ತಿ ಹಿಡಿದರು. ಸೌಟಿನ ಹುಳಿ ಪಂಚೆಗಿಳಿಯಿತು.

"ಅವರಿಬ್ಬರಿಗೂ ಮದುವೆ ಆಗಿರ್ಲಿಲ್ವಂತೆ," ಎಂದರು ಹೆಂಡತಿ ಗಿರಿಜಾಂಬಾ, ಪಂಚೆ ನೋಡುತ್ತ.

"ಅದಕ್ಕೇ ಕಣೇ ಹಾರಿದ್ದು!"

"ಆಗಿದ್ದಿದ್ರೆ ಹೆಂಡ್ತೀರು ಕೇಳ್ತಿದ್ರು, ನಿಮ್ಮ ವಿಮಾನ ರೂಮಲ್ಲಿಟ್ಕೊಂಡ್ರೆ ನಮ್ಮ ಹೊಲಿಗೆ ಮಷೀನು ಎಲ್ಲಿಡೋಣ ಅಂತ."

ಅಲ್ಲಿಗೆ ಮಾತು ನಿಲ್ಲಬೇಕಾದ ಕಡೆಗೇ ಬಂದು ನಿಂತಿತು. ಆ ಮನೆಯ ಮುಂಬಾಗಿಲ ಪಕ್ಕ ಹತ್ತಡಿ ಎಂಟಡಿಯ ಒಂದು ಕೋಣೆ. ಅದನ್ನು ಏಕಾಂತಯ್ಯನವರು 'ಪ್ರಯೋಗಶಾಲೆ' ಎನ್ನುತ್ತಿದ್ದರು, ಗಿರಿಜಾಂಬಾ 'ಗುಜರಿ' ಎನ್ನುತ್ತಿದ್ದರು. ಏಕಾಂತಯ್ಯನವರಿಗೆ ಮಂಡಿ ಮೊಹಲ್ಲಾದಲ್ಲಿ ಇಪ್ಪತ್ತೆಂಟು ವರ್ಷದ ರೇಡಿಯೋ ರಿಪೇರಿ ಅಂಗಡಿ. ಕೆಟ್ಟ ರೇಡಿಯೋವನ್ನು ಎಸೆದು ಹೊಸದು ತರುವ ಕಾಲ ಬಂದ ಮೇಲೆ ಅಂಗಡಿಯಲ್ಲಿ ಕೆಲಸ ಇಳಿಯಿತು, ಕೈಯಲ್ಲಿ ವಿದ್ಯೆ ಮಾತ್ರ ಉಳಿಯಿತು. ಆ ವಿದ್ಯೆಯೆಲ್ಲ ಈ ಕೋಣೆಗೆ ಹರಿದಿತ್ತು. ಕಾಯಿಯ ಜೊತೆಗೆ ಮೇಜನ್ನೂ ತುರಿಯುವ ತೆಂಗಿನ ತುರಿಯಂತ್ರ. ಹಾಲು ಉಕ್ಕಿ, ಒಲೆ ಆರಿ, ಎಲ್ಲ ಶಾಂತವಾದ ಮೇಲೆ ತಪ್ಪದೆ ಬಾರಿಸುವ ಎಚ್ಚರಿಕೆ ಗಂಟೆ. ಇನ್ನೂ ಹೆಸರಿಡದ ಕೆಲವು.

ಇತ್ತ ಗಿರಿಜಾಂಬಾ ಅರ್ಧ ಬೀದಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಅವರ ಮಷೀನಿಗೆ ಸಿಕ್ಕಿದ್ದು ಅಡುಗೆಮನೆಯ ಪಕ್ಕದ ಓಣಿ. ಅಲ್ಲಿ ಬೆಳಕಿಲ್ಲ, ಹೊಗೆಯುಂಟು. ಮೊನ್ನೆಯಷ್ಟೇ ಎದುರು ಮನೆ ದೇವಿರಮ್ಮನವರ ರೇಷ್ಮೆ ರವಿಕೆ ಇಂಗಿನ ಒಗ್ಗರಣೆಯ ಪರಿಮಳದೊಂದಿಗೆ, ತೋಳಿನೊಳಗೊಂದು ಕರಿಬೇವಿನೆಲೆಯ ಸಮೇತ ಮನೆ ಸೇರಿತ್ತು.

"ಒಂದು ಮಾತು," ಎಂದರು ಗಿರಿಜಾಂಬಾ. "ಭೀಮನ ಅಮಾವಾಸ್ಯೆಯೊಳಗೆ ನಿಮ್ಮ ವಿಮಾನ ಪಕ್ಕದ ರಸ್ತೆ ಕಲ್ಯಾಣ ಮಂಟಪದೊಳಗೆ ಒಂದು ಸುತ್ತು ಹಾಕಿ, ಏನೂ ಮುರೀದೆ ಕೆಳಗೆ ಕೂತ್ಕೊಂಡ್ರೆ ಆ ರೂಮು ನಿಮ್ದು. ನಾನು ಉಸಿರೆತ್ತಲ್ಲ. ಇಲ್ದಿದ್ರೆ ಮಷೀನು ಒಳಗೆ, ಗುಜರಿ ಹೊರಗೆ!"

"ಒಪ್ಪಿದೆ!" ಎಂದು ಏಕಾಂತಯ್ಯನವರು ಮತ್ತೆ ಸೌಟು ಎತ್ತಿದರು. ಈ ಸಲ ಗಿರಿಜಾಂಬಾ ಮುಂಚೆಯೇ ಪಂಚೆಗೆ ತಟ್ಟೆ ಅಡ್ಡ ಹಿಡಿದರು.

ವಿಮಾನದ ವಂಶಾವಳಿಯನ್ನೂ ಹೇಳಿಬಿಡಬೇಕು. ಗೋಕುಲಂಗೆ ಯೋಗ ಕಲಿಯಲು ಬಂದಿದ್ದ ಒಬ್ಬ ಪರದೇಶಿ, ರಿಪೇರಿಗೆ ಕೊಟ್ಟಿದ್ದ ಆಟದ ವಿಮಾನದ ರಿಮೋಟು, ಮೋಟಾರುಗಳನ್ನು "ನೀವೇ ಇಟ್ಟುಕೊಳ್ಳಿ" ಎಂದು ಕೈಮುಗಿದು ಊರಿಗೆ ಹೋಗಿದ್ದ. ಉಳಿದದ್ದು ಸ್ವದೇಶಿ. ರೆಕ್ಕೆಗೆ ಥರ್ಮೋಕೋಲು, ರೆಕ್ಕೆಯ ಬೆನ್ನೆಲುಬಿಗೆ ಉರಿದು ಮುಗಿದ ಊದುಬತ್ತಿಯ ಕಡ್ಡಿಗಳು, ಬ್ಯಾಟರಿ ಕಾರ್ಡ್‌ಲೆಸ್ ಫೋನಿನದು. ಒಟ್ಟು ತೂಕ ನೂರೈವತ್ತು ಗ್ರಾಂ. ಇಷ್ಟು ಹಗುರದ ಪ್ರಾಣಿಯನ್ನು ಆಷಾಢದ ಗಾಳಿಗೆ ಬಿಟ್ಟರೆ ಅದು ಚಾಮುಂಡಿ ಬೆಟ್ಟ ಹತ್ತಿ ದರ್ಶನ ಮುಗಿಸಿಯೇ ಇಳಿಯುವುದು! ಹಾಗಾಗಿ ಸೂರಿನಡಿಯೇ ಹಾರಬೇಕು. ಹೇಗೂ ಆಷಾಢದಲ್ಲಿ ಮದುವೆಗಳಿಲ್ಲವಲ್ಲ! ಪಕ್ಕದ ರಸ್ತೆಯ ಶಿವಾರ್ಪಣ ಕಲ್ಯಾಣ ಮಂಟಪ ಇಡೀ ತಿಂಗಳು ಖಾಲಿ. ಗಾಳಿಯನ್ನು ಕೊಟ್ಟ ತಿಂಗಳೇ ಗೂಡನ್ನೂ ಕೊಟ್ಟಿತ್ತು.

ಮಂಟಪದ ಕಾವಲುಗಾರ ಚಾಮಯ್ಯ. ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಅವನ ನೆರವು ಏಕಾಂತಯ್ಯನವರಿಗೆ ಅತ್ಯಗತ್ಯವಾಗಿತ್ತು. ಐವತ್ತೆರಡನೇ ವಯಸ್ಸಿಗೆ ಅವರ ಮೂಗಿನ ಮೇಲೆ ಹೊಸದಾಗಿ ಎರಡಂತಸ್ತಿನ ಕನ್ನಡಕ ಕುಳಿತಿತ್ತು. ಮೇಲಂತಸ್ತಿನಲ್ಲಿ ವಿಮಾನ ಕಾಣುತ್ತಿತ್ತು, ಕೆಳಂತಸ್ತಿನಲ್ಲಿ ರಿಮೋಟು. ಎರಡೂ ಒಟ್ಟಿಗೆ ಕಾಣಬೇಕಾದರೆ ಕೊಕ್ಕರೆಯ ಕತ್ತು ಬೇಕು.

"ನನ್ನ ಕಣ್ಣು ರಿಮೋಟಿನ ಮೇಲೆ, ನಿನ್ನ ಕಣ್ಣು ವಿಮಾನದ ಮೇಲೆ. ಎತ್ತ ತಿರುಗಿಸಬೇಕೋ ಜೋರಾಗಿ ಕೂಗು. ಲೆಫ್ಟಾದ್ರೆ ಲೆಫ್ಟು, ರೈಟಾದ್ರೆ ರೈಟು."

"ಅಷ್ಟೇ ತಾನೇ ಅಯ್ನೋರೆ? ಮೂವತ್ತೊಂದು ವರ್ಸ ಕೂಗಿವ್ನಿ, ಬುಡಿ!"

ಚಾಮಯ್ಯ ಫ್ಯಾನುಗಳನ್ನೆಲ್ಲ ಆರಿಸಿದ. ರಿಮೋಟನ್ನು ಹಳೆಯ ಟ್ರಾನ್ಸಿಸ್ಟರಿನ ಚರ್ಮದ ಪಟ್ಟಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡು, ಶಿವನಾಮ ನೆನೆದು, ಏಕಾಂತಯ್ಯನವರು ವಿಮಾನವನ್ನು ತೇಲಿಬಿಟ್ಟರು. ಮತ್ತು ಅದು ಹಾರಿತು! ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹಾರಿತು. ಚಾಮಯ್ಯನಿಗೆ ಆನಂದ ತಡೆಯಲಾಗಲಿಲ್ಲ.

"ರೈಟ್! ರೈಟ್, ರೈಟ್!"

ಏಕಾಂತಯ್ಯನವರು ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರು. ನೆಟ್ಟಗೆ ಹೋಗುತ್ತಿದ್ದ ವಿಮಾನ ಬಲಕ್ಕೆ ವಾಲಿ ಗೋಡೆಯತ್ತ ನುಗ್ಗಿತು.

"ಓಲ್ಡಾನ್! ಓಲ್ಡಾನ್!"

ಹೋಲ್ಡಾನ್! ಹಿಡಿದದ್ದನ್ನು ಬಿಡಬೇಡ ಎನ್ನುತ್ತಿದ್ದಾನೆ! ಏಕಾಂತಯ್ಯನವರು ಹೆಬ್ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದರು. ಬಲಗೋಡೆಯ ಮೇಲೆ ಗಿರಿಜಾ ಕಲ್ಯಾಣದ ದೊಡ್ಡ ಚಿತ್ರ. ದಿಬ್ಬಣದಲ್ಲಿ ಮುಂದೆ ನಿಂತಿದ್ದ ನಂದಿಯ ಮೂಗಿಗೆ ವಿಮಾನದ ಮೂಗು ಬಡಿಯಿತು. ಒಟ್ಟು ಹಾರಿದ್ದು ಎಂಟು ಸೆಕೆಂಡು.

"ಬೋ ಸಂದಾಗಿ ಓಯ್ತಿತ್ತಲ್ಲ ಅಯ್ನೋರೆ, ಅದ್ಯಾಕೆ ಕೆಡುಸ್ಕೊಂಡ್ರಿ?" ಎಂದ ಚಾಮಯ್ಯ.

ಏಕಾಂತಯ್ಯನವರು ಕರುಣೆಯಿಂದ ನಕ್ಕರು. ಟಿಕೆಟ್ಟು ಹರಿದವನಿಗೆ ವಿಮಾನಶಾಸ್ತ್ರ ಹೇಗೆ ತಿಳಿಯಬೇಕು! ಬಲಕ್ಕೆ ತಿರುಗಿಸು ಎಂದು ಇವನು ಮೂರು ಸಲ ಕೂಗಬೇಕಾದರೆ, ಈ ವಿಮಾನ ಎಡಕ್ಕೆ ಎಷ್ಟು ಎಳೆಯುತ್ತಿರಬೇಕು! ರೋಗ ಸಿಕ್ಕಿತು. ಇನ್ನು ಔಷಧ.

ಮೊದಲ ವಾರ ಬಾಲದ ಚುಕ್ಕಾಣಿಯನ್ನು ಬೆಂಕಿಕಡ್ಡಿಯ ದಪ್ಪದಷ್ಟು ಬಲಕ್ಕೆ ಬಾಗಿಸಿದರು. "ರೈಟ್, ರೈಟ್!" ಎಂದ ಚಾಮಯ್ಯ. ಆರು ಸೆಕೆಂಡು, ನಂದಿ. ಎರಡನೇ ವಾರ ಚಾಮಯ್ಯನ ಜೇಬಿನಲ್ಲಿದ್ದ ಹಳೇ ಬಸ್ ಟಿಕೆಟ್ಟನ್ನೇ ಮಡಿಸಿ ಮೋಟಾರಿನ ಎಡಬದಿಗೆ ತುರುಕಿ, ಅದರ ಮುಖವನ್ನೂ ಬಲಕ್ಕೆ ತಿರುಗಿಸಿದರು. ಐದು ಸೆಕೆಂಡು, ನಂದಿ. ಮೂರನೇ ವಾರ ಹೆಂಡತಿಯ ಡಬ್ಬಿಯಿಂದ ಒಂದು ಟಿಚ್ ಬಟನ್ನು ಕದ್ದು ಬಲರೆಕ್ಕೆಯ ತುದಿಗೆ ಅಂಟಿಸಿದರು. ನಾಲ್ಕೇ ಸೆಕೆಂಡು! ನಂದಿಯ ಮೂಗಿನ ಬಣ್ಣ ಎದ್ದುಬಂತು.

ಪ್ರತಿ ಊಟದ ಹೊತ್ತಿಗೂ ಸೌಟು ಹಿಡಿದು ಹೆಂಡತಿಗೆ ರಿಮೋಟಿನ ಪಾಠ. "ನೋಡು, ಈ ಕಡ್ಡಿ ಆಚೀಚೆ ಆಡಿಸಿದ್ರೆ ತಿರುಗುತ್ತೆ. ಈ ಕಡ್ಡಿ ಕೆಳಗೆಳೆದ್ರೆ ಮೋಟಾರು ನಿಲ್ಲುತ್ತೆ. ಆದ್ರೂ ಎಡಕ್ಕೆ ಎಳೀತಿದೆ."

"ಎಡಕ್ಕೆ ಎಳೆಯೋ ವಿಮಾನ ಬಲಗೋಡೆಗೆ ಯಾಕ್ರೀ ಹೊಡೆಯುತ್ತೆ?"

"ಅದೇ ಕಣೇ ವಿಜ್ಞಾನ!"

ಅಮಾವಾಸ್ಯೆಗೆ ನಾಲ್ಕು ದಿನ ಉಳಿದಾಗ ಅವರ ಕಣ್ಣಿಗೆ ವಿಮಾನದ ಮೂತಿಯ ಎಡಗಡೆ ಒಂದು ಕುಂಕುಮದ ಬೊಟ್ಟು ಬಿತ್ತು.

"ಇದನ್ನ ಯಾರು ಇಟ್ಟಿದ್ದು?"

"ನಾನೇ. ಮನೆಗೊಂದು ಗಾಡಿ ಬಂದ್ರೆ ಕುಂಕುಮ ಇಡಲ್ವಾ?"

"ಎಡಗಡೆ ಇಟ್ಟಿದ್ದೀಯ! ಸಿಕ್ತು ನೋಡು ಕಳ್ಳ ಭಾರ!"

"ನನ್ನ ಒಂದು ಚಿಟಿಕೆ ಕುಂಕುಮದ ಭಾರಕ್ಕೆ ನಿಮ್ಮ ವಿಮಾನ ಎಡಕ್ಕೆ ಬೀಳುತ್ತಾ? ಹಾಗಾದ್ರೆ ಮೂವತ್ತು ವರ್ಷದಿಂದ ನಾನು ಹಣೆಗಿಟ್ಕೊಳ್ತಿದ್ದೀನಲ್ಲ, ನೀವು ಯಾವ ಕಡೆಗೂ ವಾಲಿಲ್ವಲ್ಲ?"

ಏಕಾಂತಯ್ಯನವರು ಅಳಿಸಲು ಎತ್ತಿದ ಬೆರಳನ್ನು ಇಳಿಸಿದರು. ಭೀಮನ ಅಮಾವಾಸ್ಯೆಗೆ ಗಂಡನ ಪಾದಪೂಜೆ ಮಾಡಲಿರುವ ಹೆಂಡತಿಯ ಕುಂಕುಮವನ್ನು ಅಳಿಸುವ ಧೈರ್ಯ ಯಾವ ವಿಜ್ಞಾನಿಗೂ ಇಲ್ಲ. ಅದರ ಬದಲು ಬಲಗಡೆಗೂ ಒಂದು ಬೊಟ್ಟು ಇಟ್ಟು ಸಮತೋಲ ಸಾಧಿಸಿದರು. ಮೂರು ಸೆಕೆಂಡು.

ಅಮಾವಾಸ್ಯೆಯ ಹಿಂದಿನ ದಿನ ಬಂತು. ಮಾರನೆಯ ದಿನ ಕಳೆದರೆ ಶ್ರಾವಣ, ಮಂಟಪದ ತುಂಬ ಮದುವೆ. ಅಂದು ಹಾರದಿದ್ದರೆ ಪ್ರಯೋಗಶಾಲೆ ಹೋದಂತೆಯೇ. ಇಪ್ಪತ್ತೆಂಟು ವರ್ಷದ ಸ್ಕ್ರೂ ಡ್ರೈವರುಗಳನ್ನೆಲ್ಲ ಎಲ್ಲಿಡುವುದು ಎಂದು ಯೋಚಿಸುತ್ತಿದ್ದ ಏಕಾಂತಯ್ಯನವರಿಗೆ ತಿಂಡಿ ಸೇರಿರಲಿಲ್ಲ. ಸಾಕ್ಷಿಗೆಂದು ಬಂದಿದ್ದ ಗಿರಿಜಾಂಬಾ ಅದನ್ನು ಗಮನಿಸಿದ್ದರು.

ಸರಿಯಾದ ಹೊತ್ತಿಗೆ ಕೊರಳಿನ ಚರ್ಮದ ಪಟ್ಟಿ ಪಟ್ಟೆಂದು ಕಿತ್ತುಹೋಯಿತು.

"ಒಂದು ನಿಮಿಷ ಈ ರಿಮೋಟು ಹಿಡ್ಕೊ. ಎಸೆದು ಬಂದು ಇಸ್ಕೊಳ್ತೀನಿ. ಏನೂ ಮುಟ್ಟಬೇಡ!" ಎಂದು ಅದನ್ನು ಹೆಂಡತಿಯ ಕೈಗಿಟ್ಟು, ಮೋಟಾರು ಚಾಲೂ ಮಾಡಿ, ಮೂರು ಹೆಜ್ಜೆ ಓಡಿ, ಕೊನೆಯ ಆಸೆಯನ್ನೆಲ್ಲ ತೋಳಿಗೆ ತಂದುಕೊಂಡು ಎಸೆದರು. ವಿಮಾನ ಹಾರಿತು. ಜೊತೆಗೆ ಎರಡಂತಸ್ತಿನ ಕನ್ನಡಕವೂ ಹಾರಿತು!

ವಿಮಾನ ಮೇಲೆ ಹೋಯಿತು, ಕನ್ನಡಕ ಕುರ್ಚಿಗಳ ಕೆಳಗೆ ಹೋಯಿತು. ಏಕಾಂತಯ್ಯನವರು ನಾಲ್ಕು ಕಾಲಾಗಿ ಕನ್ನಡಕದ ಹಿಂದೆ ಹೋದರು.

"ರೈಟ್! ರೈಟ್, ರೈಟ್!" ಚಾಮಯ್ಯ ಕೂಗಿದ.

"ಬಲಕ್ಕೆ ತಿರುಗಿಸೇ! ರೈಟ್ ಅಂತಿದ್ದಾನೆ, ಬಲಕ್ಕೆ!" ಕುರ್ಚಿಗಳಡಿಯಿಂದ ಅಶರೀರವಾಣಿ.

ಗಿರಿಜಾಂಬಾ ಏನನ್ನೂ ಮುಟ್ಟಲಿಲ್ಲ. ಬಾಗಿಸಿದ ಚುಕ್ಕಾಣಿ, ಟಿಕೆಟ್ಟಿನ ಮಡಿಕೆ, ಟಿಚ್ ಬಟನ್ನು, ಒಂದು ತಿಂಗಳ ಔಷಧವೆಲ್ಲ ಸೇರಿ ವಿಮಾನವನ್ನು ತಾನಾಗಿ, ಮೆಲ್ಲಗೆ, ದೊಡ್ಡದಾಗಿ ಬಲಕ್ಕೆ ಸುತ್ತಿಸತೊಡಗಿದವು. ಅದು ನಂದಿಗೆ ಒಂದು ಮೊಳ ದೂರದಲ್ಲಿ ವಿನಯದಿಂದ ಹಾದು, ಬಾಗಿಲ ಬಳಿ ಬಾಗಿ, ಊಟದ ಮನೆಯ ಮೆಟ್ಟಿಲು ದಾಟಿ, ಇಡೀ ಮಂಟಪಕ್ಕೆ ಒಂದು ಪ್ರದಕ್ಷಿಣೆ ಹಾಕಿ, ಮದುವೆಯ ವೇದಿಕೆಯ ಕಡೆಗೆ ಬಂತು.

"ಓಲ್ಡಾನ್!"

ಗಿರಿಜಾಂಬಾ ಸೌಟಿನ ಪಾಠ ನೆನೆದು ಒಂದೇ ಕಡ್ಡಿಯನ್ನು ಕೆಳಗೆಳೆದರು. ವಿಮಾನ ಉಸಿರುಬಿಟ್ಟು, ವಧೂವರರು ಕೂರುವ ಜಾಗದಲ್ಲಿ ಸೆರಗು ಸರಿಪಡಿಸಿಕೊಂಡು ಕೂತ ಹಾಗೆ ಕೂತಿತು.

ಕನ್ನಡಕ ಸಿಕ್ಕಿದ ಏಕಾಂತಯ್ಯನವರು ಕುರ್ಚಿಯಡಿಯಿಂದ ತಲೆ ಹೊರಹಾಕಿದರು. "ರೈಟ್ ಅಂದಾಗ ನೀನು ಬಲಕ್ಕೆ ಯಾಕೆ ತಿರುಗಿಸ್ಲಿಲ್ಲ?"

"ಯಾಕೆ ತಿರುಗಿಸ್ಬೇಕು? ಕಂಡಕ್ಟರ್ ರೈಟ್ ಅಂದ್ರೆ ಹೋಗ್ಲಿ ಅಂತ. ಹೋಲ್ಡಾನ್ ಅಂದ್ರೆ ನಿಲ್ಸು ಅಂತ. ಲೈನಿಂಗ್ ಬಟ್ಟೆಗೆ ಅಂತ ವಾರಕ್ಕೆ ಮೂರು ದಿನ ಮಾರ್ಕೆಟ್ಟಿಗೆ ಸಿಟಿ ಬಸ್ಸಲ್ಲಿ ಹೋಗ್ತೀನಲ್ರೀ! ನೀವು ಸ್ಕೂಟರ್ ಬಿಟ್ಟು ಇಳಿದಿದ್ರೆ ತಾನೇ ಗೊತ್ತಾಗೋಕೆ?"

ಏಕಾಂತಯ್ಯನವರು ಚಾಮಯ್ಯನ ಕಡೆ ತಿರುಗಿದರು.

"ಅಂಗೇ ಮತ್ತೆ! ಮೊದ್ಲ್ನೇ ದಿನ್ವೇ ಯೋಳುದ್ನಲ್ಲ, ಸಂದಾಗಿ ಓಯ್ತಿತ್ತು, ನೀವೇ ಕೆಡುಸುದ್ರಿ ಅಂತ!"

ಮಾರನೆಯ ದಿನ ಬೆಳಗ್ಗೆ ಪಾದಪೂಜೆ. ಮಣೆಯ ಮೇಲೆ ಕುಳಿತ ಏಕಾಂತಯ್ಯನವರ ಬಾಯಲ್ಲಿ ವಾದವೊಂದು ಸಿದ್ಧವಾಗಿತ್ತು. ಪಂದ್ಯದಲ್ಲಿ ವಿಮಾನ ಹಾರಬೇಕೆಂದಿತ್ತೇ ಹೊರತು ಯಾರು ಹಾರಿಸಬೇಕೆಂದಿರಲಿಲ್ಲ, ಆದ್ದರಿಂದ ಕೋಣೆ... ಆದರೆ ನಿನ್ನೆ ಕುರ್ಚಿಗಳಡಿ ತೆವಳಿದ ಕಾಲುಗಳನ್ನೇ ಗಿರಿಜಾಂಬಾ ತೊಳೆದು, ಅರಿಶಿನ ಹಚ್ಚಿ, ಹೂವೇರಿಸುತ್ತಿದ್ದರು. "ರೂಮು ನಿಮ್ದೇ ಆಯ್ತಲ್ಲ. ಮಾತು ಅಂದ್ರೆ ಮಾತು," ಎಂದರು ತಲೆಯೆತ್ತದೆ. ಅವರ ಕೂದಲಲ್ಲಿ ಒಂದು ಕರಿಬೇವಿನೆಲೆ ಸಿಕ್ಕಿಕೊಂಡಿತ್ತು.

ಏಕಾಂತಯ್ಯನವರು ಆ ಎಲೆಯನ್ನು ತೆಗೆದರು. ವಾದವನ್ನು ನುಂಗಿದರು.

"ಮಷೀನು ಒಳಗೆ ತರೋಣ, ಏಳು. ಹಾರಿಸಿದೋಳು ನೀನು."

"ಹಾರೋ ಹಾಗೆ ಮಾಡಿದೋರು ನೀವು. ಕಿಟಕಿ ಕಡೆ ನಂಗೆ, ಮೂಲೆ ನಿಮ್ಗೆ. ವಿಮಾನ ಅಲ್ಲೇ ತೂಗುಹಾಕಿ. ಆ ತುರಿಯಂತ್ರ ಮಾತ್ರ ಬೇಡ."

ಕಡುಬಿಗೆಂದು ಬಂದಿದ್ದ ಚಾಮಯ್ಯನೂ ಕೈ ಕೊಟ್ಟ. ಹೊಲಿಗೆ ಮಷೀನಿನ ಒಂದು ತುದಿ ಗಿರಿಜಾಂಬಾ, ಇನ್ನೊಂದು ತುದಿ ಏಕಾಂತಯ್ಯ. ಅವರದು ಹಿಮ್ಮುಖ ಪ್ರಯಾಣ. ಚಾಮಯ್ಯ ಕೋಣೆಯ ಬಾಗಿಲಲ್ಲಿ ನಿಂತು ದಾರಿ ತೋರಿಸತೊಡಗಿದ.

"ರೈಟ್, ರೈಟ್!"

ಏಕಾಂತಯ್ಯನವರು ಮುಗುಳ್ನಕ್ಕರು. ಈಗ ಅವರೂ ಬಲ್ಲವರು! ಎಡಕ್ಕೂ ಹೊರಳದೆ ಬಲಕ್ಕೂ ಹೊರಳದೆ, ಪೂರ್ಣ ವಿಶ್ವಾಸದಿಂದ, ನೆಟ್ಟಗೆ ಹಿಂದಕ್ಕೆ ನಡೆದರು. ಬೆನ್ನು ಬಾಗಿಲ ಚೌಕಟ್ಟಿಗೆ ಧಡ್ ಎಂದು ಬಡಿಯಿತು. ಮಷೀನಿನ ಕಬ್ಬಿಣದ ಕಾಲು, ಆಗ ತಾನೇ ಪೂಜೆ ಮಾಡಿಸಿಕೊಂಡಿದ್ದ ಹೆಬ್ಬೆರಳಿನ ಮೇಲೆ ಕೂತಿತು.

"ಅಯ್ಯೋ ಅಯ್ನೋರೆ!" ಎಂದ ಚಾಮಯ್ಯ. "ಈಗ ನಾನಂದದ್ದು ಬಲಗಡೆ ರೈಟು!"