ಮುನಿಶಾಮಪ್ಪ ತೋರಿಸಿದ ಮನೆ

ವೆಂಕಟರವಣಪ್ಪನ ಮನೆಯ ರೇಷ್ಮೆ ಹುಳುಗಳು ಎರಡು ದಿನ ಮುಂಚೆಯೇ ಹಣ್ಣಾಗಿ ಗೂಡು ಕಟ್ಟಲು ಹೊರಡದೆ ಇದ್ದಿದ್ದರೆ ಶಿಡ್ಲಘಟ್ಟದ ದಲ್ಲಾಳಿ ಮುನಿಶಾಮಪ್ಪನಿಗೆ ಆ ಪಾಡು ಬರುತ್ತಿರಲಿಲ್ಲ.

ಮನೆ, ಜಮೀನು ಮಾರಿಸಿಕೊಡುವುದು ಅವನ ಕಸುಬು. ಕಾಫಿ ಹೋಟೆಲಿನ ಮುಂದಿನ ಕಲ್ಲುಬೆಂಚೇ ಆಫೀಸು. ಮಾರಿಸು ಎಂದು ಕರೆದವನು ನೂರಕ್ಕೆ ಎರಡು ಕೊಡಬೇಕು, ಕೊಡಿಸು ಎಂದವನು ನೂರಕ್ಕೆ ಒಂದು. ಲೆಕ್ಕವೇನೋ ಚೆನ್ನಾಗಿತ್ತು, ಆದರೆ ಆ ವರ್ಷ ಒಂದು ವ್ಯಾಪಾರವೂ ಕುದುರಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ ಆದಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಇವತ್ತೂ ಬರಿಗೈಲಿ ಬಂದ್ರೆ ನಿಮ್ಮ ದಲ್ಲಾಳಿತನಕ್ಕೆ ದೊಡ್ಡ ನಮಸ್ಕಾರ. ನಾಳೆಯಿಂದ ಸಾದಲಿಗೆ ಹೋಗಿ ನಮ್ಮಣ್ಣನ ಮನೇಲಿ ಹುಳ ಆರಿಸ್ಕೊಂಡಿರಿ.”

ಮುನಿಶಾಮಪ್ಪನ ಮೈ ಜುಮ್ಮೆಂದಿತು. ರೇಷ್ಮೆ ಸೀಮೆಯಲ್ಲೇ ಹುಟ್ಟಿ ಬೆಳೆದರೂ ಹುಳು ಕಂಡರೆ ಅವನಿಗೆ ಬೆಕ್ಕು ನೀರು ಕಂಡ ಹಾಗೆ.

ಮಾರಬೇಕಾಗಿದ್ದುದು ಮೇಲೂರಿನ ವೆಂಕಟರವಣಪ್ಪನ ಮನೆ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಅಣ್ಣ ತಮ್ಮ ಹಂಚಿಕೊಂಡಿದ್ದರು. ಪೂರ್ವದ ಅರ್ಧ ಅಣ್ಣ ರಾಮಾಂಜಿನಪ್ಪನದು, ಪಶ್ಚಿಮದ್ದು ತಮ್ಮನದು. ಆ ನಡುಗೋಡೆಗೆ ಯಾರೋ ಒಂದು ಮೊಳೆ ಹೊಡೆದದ್ದೇ ನೆಪವಾಗಿ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. “ಅವನ ಮುಖ ಕಾಣದ ಕಡೆ ಹೋಗ್ಬೇಕು ಕಣಪ್ಪಾ, ಮಾರಿಸಿಕೊಡು” ಎಂದು ವೆಂಕಟರವಣಪ್ಪ ಕೈ ಹಿಡಿದು ಹೇಳಿದ್ದ.

ಕೊಳ್ಳಲು ಬಂದವರು ಶಿಡ್ಲಘಟ್ಟಕ್ಕೆ ವರ್ಗವಾಗಿದ್ದ ಗೌರಿಬಿದನೂರಿನ ಗುಮಾಸ್ತೆ ಸತ್ಯಮೂರ್ತಿ, ಜೊತೆಗೆ ಹೆಂಡತಿ ರಾಧಮ್ಮ. ಅವರನ್ನು ಬಸ್ಸಿನಿಂದ ಇಳಿಸಿಕೊಂಡು ಬಂದರೆ ವೆಂಕಟರವಣಪ್ಪನ ಹೆಂಡತಿ ಓಬಳಮ್ಮ ಹೊಸ್ತಿಲ ಮೇಲೆ ದ್ವಾರಪಾಲಕಿಯಂತೆ ನಿಂತಿದ್ದಳು.

“ಹುಳ ಹಣ್ಣಾಗ್ತಾ ಅವೆ. ಹೊರಗಿನೋರ ಕಾಲು ಬಿದ್ದು ಸುಣ್ಣಕಟ್ಟು ರೋಗ ಬಂದ್ರೆ ನೀನು ಕೊಡ್ತೀಯಾ ಗೂಡು?”

“ಅಮ್ಮಾ, ಒಂದೇ ಗಳಿಗೆ...”

“ಗೂಡು ಕಟ್ಟಿದ ಮೇಲೆ ಬಾರಪ್ಪ.”

ಬಾಗಿಲು ಮುಚ್ಚಿತು. ಸತ್ಯಮೂರ್ತಿ ಗಡಿಯಾರ ನೋಡಿಕೊಂಡರು. “ಏನ್ರೀ ಇದು? ರಜ ಹಾಕಿ ಬಂದಿದೀವಿ.”

ಸಾದಲಿಯ ಹುಳುಗಳೆಲ್ಲ ಸಾಲುಗಟ್ಟಿ ಕೈಮೇಲೆ ಹತ್ತಿದಂತಾಗಿ ಮುನಿಶಾಮಪ್ಪನ ತಲೆ ಚುರುಕಾಯಿತು. ರಾಮಾಂಜಿನಪ್ಪನ ಬಾಗಿಲಿಗೆ ಬೀಗ ಬಿದ್ದಿತ್ತು. ಹೆಂಡತಿ ಚಿಂತಾಮಣಿಯ ತವರಿಗೆ ಹೋಗಿದ್ದಳು, ಅವನು ತೋಟಕ್ಕೆ. ಬೀಗದಕೈ ಎದುರುಮನೆಯ ಅಮ್ಮಾಜಮ್ಮನ ಸೊಂಟದಲ್ಲಿತ್ತು.

“ತೋರ್ಸಿ ಕಳಿಸಿಬಿಡ್ತೀನಿ ಅಮ್ಮಾಜಮ್ಮ. ಒಂದೇ ಮನೆಯ ಎರಡು ಹೋಳು, ಇದು ಕಂಡ್ರೆ ಅದು ಕಂಡ ಹಾಗೆ.”

“ಬೀಗದಕೈ ಕೊಟ್ರೆ ನನ್ನ ನಾಲ್ಕಾಣೆ? ನಯಾಪೈಸೆ ಗಿಯಾಪೈಸೆ ಬೇಡ ನಂಗೆ.”

“ದಲ್ಲಾಳಿ ಧರ್ಮ ಗೊತ್ತಿಲ್ವಾ ನಿಂಗೆ? ಕರೆದೋರು ಕೊಡ್ತಾರೆ, ಕರೆಸ್ಕೊಂಡೋನು ತಗೋತಾನೆ. ನಿನ್ನ ಯಾರು ಕರೆದ್ರು?”

ಅಮ್ಮಾಜಮ್ಮ ಬೀಗದಕೈ ಕೊಟ್ಟಳು. ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ರಾಧಮ್ಮನಿಗೆ ಎಲ್ಲವೂ ಹಿಡಿಸಿತು. ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತೇ ನೋಡಿದರು. “ಆಗ್ನೇಯದಲ್ಲೇ ಒಲೆ! ಆ ಮನೇಲೂ ಹೀಗೇನಾ?”

“ಥೇಟು ಹೀಗೇ ತಾಯಿ! ಇಲ್ಲಿ ಎಡಕ್ಕಾದ್ರೆ ಅಲ್ಲಿ ಬಲಕ್ಕೆ. ಕನ್ನಡೀಲಿ ನೋಡಿದ ಹಾಗೆ” ಎಂದ ಮುನಿಶಾಮಪ್ಪ, ಹೆಮ್ಮೆಯಿಂದ.

ರಾಧಮ್ಮ ಬೆರಳಲ್ಲಿ ದಿಕ್ಕು ಲೆಕ್ಕ ಹಾಕಿದರು. “ಅಂದ್ರೆ ಒಲೆ ನೈರುತ್ಯಕ್ಕೆ! ನಮ್ಮತ್ತೆ ಆ ಒಲೆ ಮೇಲೆ ಒಂದು ಲೋಟ ಹಾಲೂ ಕಾಯಿಸಗೊಡಲ್ಲ. ಏನೂಂದ್ರೆ, ತಗೊಂಡ್ರೆ ಇದೇ ಮನೆ ತಗೋಬೇಕು.”

“ಇದು ಮಾರೋದಲ್ಲ ತಾಯಿ!”

“ಮಾರದ ಮನೆ ಯಾಕೆ ತೋರಿಸಿದ್ರಿ?”

ಅಷ್ಟರಲ್ಲಿ ಹೊರಗೆ ಗುಡುಗಿದ ಹಾಗಾಯಿತು. “ಎವುರ್ರಾ ಲೋಪಲ?” ಸಿಟ್ಟು ಬಂದರೆ ರಾಮಾಂಜಿನಪ್ಪನ ಬಾಯಲ್ಲಿ ತೆಲುಗೇ ಬರುವುದು. ಒಳಗೆ ಯಾರು ಎಂದು ಕೇಳುತ್ತ ಬಂದವನ ಕೈಯಲ್ಲಿ ಸೊಪ್ಪು ಕೊಯ್ಯುವ ಕುಡುಗೋಲು ಬೇರೆ. ಮುನಿಶಾಮಪ್ಪ ಒಂದೇ ನೆಗೆತಕ್ಕೆ ರಾಗಿ ಕಣಜದ ಹಿಂದೆ ಸೇರಿದ. ಕುಲದೇವರನ್ನು ನೆನೆದ, ಆದಿಲಕ್ಷ್ಮಮ್ಮನನ್ನೂ ನೆನೆದ. ಮುಂದೆ ಕೇಳಿಸಿದ್ದು ಬರೀ ದನಿ.

“ನಿಮ್ಮ ಮನೆ ತುಂಬ ಲಕ್ಷಣವಾಗಿದೆ. ಕೊಡೋ ಹಾಗಿದ್ರೆ ತಗೋತೀವಿ” ಅಂದರು ರಾಧಮ್ಮ.

ಆಮೇಲೆ ಕುಡುಗೋಲು ನೆಲಕ್ಕಿಟ್ಟ ಸದ್ದು.

“ಕೂತ್ಕೊಳಿ ತಾಯಿ. ತಮ್ಮನ ಪಕ್ಕದಲ್ಲಿ ಇರೋಕಾಗ್ದೆ ತೋಟದಾಗೇ ಮನೆ ಕಟ್ಕೊಳ್ಳೋಣ ಅಂತ ಎಷ್ಟು ದಿನದಿಂದ ಅನ್ಕೊಂಡಿದೀನಿ! ದೇವರು ಕಳಿಸಿದ ಹಾಗೆ ಬಂದ್ರಿ.”

ಅರ್ಧ ಗಂಟೆಯಲ್ಲಿ ವ್ಯಾಪಾರ ಕುದುರಿ ಎಲೆ ಅಡಿಕೆ ಕೈ ಬದಲಾಯಿತು. ಮುನಿಶಾಮಪ್ಪ ತಲೆತುಂಬ ಜೇಡರ ಬಲೆ ಹೊತ್ತು ಹೊರಬಂದ. ಬೆನ್ನು ಉಳಿದ ಸಂತೋಷಕ್ಕೆ ಬಾಯಿ ಕಿವಿಯವರೆಗೂ ಹೋಗಿತ್ತು.

“ರಾಮಾಂಜಿನಣ್ಣಾ, ನನ್ನ ನೂರಕ್ಕೆ ಎರಡು?”

“ನಾನು ಕರೆದ್ನೇನೋ ನಿನ್ನ? ನೀನು ನನ್ನ ತಮ್ಮನ ದಲ್ಲಾಳಿ.”

“ಸ್ವಾಮಿ, ನೀವಾದ್ರೂ...”

“ನೀವು ಕೊಡಿಸ್ತೀನಿ ಅಂದಿದ್ದು ನೈರುತ್ಯದ ಒಲೆ ಕಣ್ರೀ” ಅಂದರು ಸತ್ಯಮೂರ್ತಿ. “ಈ ಮನೆ ಮಾರೋದಲ್ಲ ಅಂತ ಬೇರೆ ಹೇಳಿದ್ರಿ!”

ಬಾಗಿಲಲ್ಲಿ ನಿಂತಿದ್ದ ಅಮ್ಮಾಜಮ್ಮ ಸೆರಗಿನ ಗಂಟು ಬಿಚ್ಚಿದಳು. “ಕರೆದೋರು ಕೊಡ್ತಾರಪ್ಪ. ನಿನ್ನ ಯಾರು ಕರೆದ್ರು?”

ಕರೆದವನು ಒಬ್ಬನಿದ್ದನಲ್ಲ! ಇಂಥ ಸಾಧು ಜನ ಪಕ್ಕಕ್ಕೆ ಬರುತ್ತಾರೆಂದರೆ ತಮ್ಮನ ಮನೆಗೆ ಬೆಲೆಯೂ ಏರುತ್ತದೆ. ಮುನಿಶಾಮಪ್ಪ ಪಕ್ಕದ ಬಾಗಿಲಿಗೆ ಓಡಿದ. ವೆಂಕಟರವಣಪ್ಪ ಕೈತುಂಬ ಸೊಪ್ಪು ಹಿಡಿದು ಹೊರಗೆ ಬಂದ.

“ಅಣ್ಣ ಮನೆ ಮಾರಿಬಿಟ್ನಾ? ನಿಜ ಹೇಳು!”

“ನಿಜ ಅಣ್ಣಾ. ಈಗ ನಿಂದಕ್ಕೆ ಇನ್ನೂ ಒಳ್ಳೇ ಗಿರಾಕಿ ತರ್ತೀನಿ.”

ವೆಂಕಟರವಣಪ್ಪ ಸೊಪ್ಪನ್ನು ಕೆಳಗೆ ಹಾಕಿ ಅವನನ್ನು ತಬ್ಬಿಕೊಂಡ. “ಏ, ಹುಚ್ಚಪ್ಪಾ! ಅವನೇ ಹೋದ ಮೇಲೆ ನಾನ್ಯಾಕೋ ಹೋಗ್ಲಿ? ನಮ್ಮಪ್ಪ ಕಟ್ಟಿದ ಮನೆ ಕಣೋ!” ಅವನ ಕಣ್ಣಲ್ಲಿ ನೀರಾಡಿತು.

ಮೇಲೂರಿನಲ್ಲಿ ಎಲ್ಲರ ಎದೆಯ ಭಾರವೂ ಒಂದೇ ದಿನ ಇಳಿದಿತ್ತು. ಮುನಿಶಾಮಪ್ಪನ ಜೇಬಿಗೂ ಭಾರವಿರಲಿಲ್ಲ. ಆದರೂ ಕುಡುಗೋಲು ತಪ್ಪಿತಲ್ಲ ಎಂದು ನಿಟ್ಟುಸಿರು ಬಿಟ್ಟು ಅವನು ಬಸ್ಸಿನ ದಾರಿ ಹಿಡಿಯುವಷ್ಟರಲ್ಲಿ ಒಳಗಿಂದ ಓಬಳಮ್ಮ ಕೂಗಿದಳು.

“ಎಲ್ಲಾ ಹುಳಾನೂ ಒಟ್ಟಿಗೆ ಹಣ್ಣಾಗೋದ್ವು! ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡೋಕೆ ಆಳಿಲ್ಲ. ಮುನಿಶಾಮಪ್ಪಾ, ಕೈಕಾಲು ತೊಳ್ಕೊಂಡು ಒಳಕ್ಕೆ ಬಾ. ಕೂಲಿ ಕೊಡ್ತೀನಿ.”

“ಬೆಳಿಗ್ಗೆ ಹೊರಗಿನೋನು ಅಂದ್ಯಲ್ಲಮ್ಮಾ!”

“ಮನೆ ಉಳಿಸಿಕೊಟ್ಟೋನು ಹೊರಗಿನೋನು ಹೆಂಗಾಗ್ತೀಯ? ಬಾ ಬಾ!”

ಮುನಿಶಾಮಪ್ಪ ಕಣ್ಣು ಮುಚ್ಚಿಕೊಂಡೇ ಮೊದಲ ಹುಳುವನ್ನು ಎತ್ತಿದ. ಏನು ಮಾಡುವುದು? ಆ ದಿನ ಅವನನ್ನು ಕರೆದು ಕೊಡುತ್ತೇನೆಂದವಳು ಅವಳೊಬ್ಬಳೇ.