ಹೆಬ್ಬೆರಳಿನ ಪರೀಕ್ಷೆ

ಪ್ರಭುಸ್ವಾಮಿ: ಮತ್ತ ತಪ್ಪು, ದೊಡ್ಡಮಾದಮ್ಮ. ನೂರಕ್ಕ ಇಪ್ಪತ್ತೆಂಟು.

ದೊಡ್ಡಮಾದಮ್ಮ: ಸಸಿ ನಿಂತದ, ಬೇರು ಕೂತದ. ಇನ್ನೇನು, ಆರತಿ ಎತ್ಬೇಕಿತ್ತಾ ಸಾರ್?

(ತಾಳವಾಡಿಯ ತರಬೇತಿ ಕೇಂದ್ರದ ಹಿತ್ತಲು. ಪ್ರಭುಸ್ವಾಮಿ ಅಲ್ಲಿನ ತರಬೇತುದಾರ. ಪಣಕಹಳ್ಳಿಯ ಕೂಲಿ ಹೆಂಗಸು ದೊಡ್ಡಮಾದಮ್ಮನ ಮೂಗಿನ ಮೇಲೆ ದಪ್ಪ ಕನ್ನಡಕ. ಹಾಕಿಕೊಂಡರೆ ಮಣ್ಣಿನ ಮೇಲೆ ಹಸಿರು ಕೈಯೊಂದು ಮೂಡಿ, ಕೋಸಿನ ಸಸಿ ನೆಡುವುದನ್ನು ತೋರಿಸುತ್ತದೆ. ಒಳಗಿನ ಕೃತಕ ಬುದ್ಧಿ ಮಾರ್ಕು ಹಾಕುತ್ತದೆ. ಅರವತ್ತು ಬಂದರೆ ಅವಳಿಗೆ ಇಲ್ಲೇ ಕಲಿಸುವ ಕೆಲಸ, ಇಲ್ಲವಾದರೆ ನಾಳೆಯಿಂದ ಮತ್ತೆ ಕಂಡವರ ಹೊಲ. ಬಗ್ಗಿ ಬಗ್ಗಿ ಸೋತ ಸೊಂಟಕ್ಕೆ ಇಲ್ಲಿನ ಕುರ್ಚಿಯ ಮೇಲೆ ನಿಜಕ್ಕೂ ಆಸೆ.)

ಪ್ರಭುಸ್ವಾಮಿ: ಹೆಬ್ಬೆಟ್ಟು ಮಣ್ಣಿಗ ತಾಗಬಾರ್ದು. ಹಸ್ರು ಕೈ ನೋಡಿ, ಹೆಂಗ ಮೇಲಕ್ಕ ಎತ್ಕಂಡದ.

ದೊಡ್ಡಮಾದಮ್ಮ: ಎಬ್ಬೆಟ್ಟಲ್ಲಿ ಒತ್ದೆ ಬುಟ್ರ ಸಸಿ ಮನಿಕತದ. ನಿಮ್ಮಪ್ಪಾಜಿ ಒಲ್ದಲ್ಲಿ ಇಪ್ಪತ್ತೊರ್ಸ ನೆಟ್ಟಿವ್ನಿ. ಒಂದಿನಾರ ಎಬ್ಬೆಟ್ಗ ಆಕಾಸ ತೋರ್ಸು ಅಂದ್ರಾ?

ಪ್ರಭುಸ್ವಾಮಿ: ಅಪ್ಪಾಜಿ ಹತ್ರ ಕೃತಕ ಬುದ್ಧಿ ಇರ್ನಿಲ್ಲ.

ದೊಡ್ಡಮಾದಮ್ಮ: ಊಂ, ಪಾಪ. ಅವ್ರಿಗ ಸ್ವಂತದ್ದೇ ಇತ್ತು.

(ಪಕ್ಕದ ಮಡಿಯಲ್ಲಿ ಅಂಥದೇ ಕನ್ನಡಕ ಹಾಕಿಕೊಂಡಿದ್ದ ಅವಳ ತಂಗಿಯ ಮಗಳು ಸಂಗೀತ ತಲೆಯೆತ್ತಿದಳು.)

ಸಂಗೀತ: ನಂಗ ತೊಂಬತ್ತಾರು ಬಂತು ಕಣ ದೊಡ್ಡವ್ವ.

ದೊಡ್ಡಮಾದಮ್ಮ: ನಿಂಗ ಬಂತು. ನಿನ್ ಸಸಿಗ ಎಷ್ಟು ಬಂತವ್ವ?

(ಸಂಗೀತಳ ಸಸಿಗಳು ಸಾಲಾಗಿ, ಬಹಳ ಶಿಸ್ತಾಗಿ ಮಲಗಿದ್ದವು.)

ಪ್ರಭುಸ್ವಾಮಿ: ಮಿಷಿನ್ ಸುಮ್ನ ಹೇಳಲ್ಲ. ಈ ಬೆಟ್ಟದ್ಮೇಲೆ ಎಲ್ಲಾರ್ಗಿಂತ ಚೆಂದಾಗಿ ನೆಡೋ ಕೈನ ಮೂರ್ ದಿನ ವಿಡಿಯೊ ತಗ್ದು ಇದ್ಕ ಕಲ್ಸವ್ರ.

ದೊಡ್ಡಮಾದಮ್ಮ: ಯಾರಪ್ಪ ಆ ಪುಣ್ಯಾತ್ಗಿತ್ತಿ? ತೋರ್ಸಿ, ಕೈ ಮುಗಿತಿನಿ.

(ಮೊಬೈಲಿನಲ್ಲಿ ವಿಡಿಯೊ ಓಡಿತು. ಮುಖವಿಲ್ಲ, ಬರೀ ಕೈ. ಮಣಿಕಟ್ಟಿನ ಮೇಲೆ ಮಾಸಿದ ಹಚ್ಚೆ, ಹೆಬ್ಬೆರಳಿಗೆ ಸುತ್ತಿದ ಬಟ್ಟೆ. ದೊಡ್ಡಮಾದಮ್ಮ ತನ್ನ ಮಣಿಕಟ್ಟನ್ನು ಮೆಲ್ಲಗೆ ಅದರ ಪಕ್ಕಕ್ಕೆ ಹಿಡಿದಳು. ಅದೇ ಹಚ್ಚೆ.)

ದೊಡ್ಡಮಾದಮ್ಮ: ದೀಪಾವಳಿಲಿ ಗುಮಟಾಪುರದವ್ರು ಸಗ್ಣಿ ಎರ್ಚಾಡೋ ಗೊರೆ ಅಬ್ಬ ಆದ ವಾರ ಯಾರೋ ಬಂದು ನನ್ ಕೈನ ವಿಡಿಯೊ ಇಡ್ಕಂಡೋಗಿದ್ರು. ರಾಗಿ ಕುಯ್ವಾಗ ಕುಡ್ಲು ತಾಗಿ ಎಬ್ಬೆಟ್ಟು ಸೀಳಿತ್ತು ಸಾರ್. ನೋವ್ಗ ಮ್ಯಾಲ ಎತ್ಕಂಡಿದ್ದಿ.

(ಪ್ರಭುಸ್ವಾಮಿ ಮೊಬೈಲನ್ನು ಜೇಬಿಗಿಳಿಸಿದ. ಕೈ ಅವಳದೇ ಇರಬಹುದು, ಆದರೆ ಮಾರ್ಕು ಮಿಷಿನ್ನಿನದು, ಅದನ್ನು ತಿದ್ದುವ ಅಧಿಕಾರ ತನಗಿಲ್ಲ ಎಂದ. ದೊಡ್ಡಮಾದಮ್ಮ ಸೆರಗಿನ ಅಂಚು ಹರಿದು ವಾಸಿಯಾದ ಬೆರಳಿಗೆ ಸುತ್ತಿಕೊಂಡಳು. ಹೆಬ್ಬೆರಳನ್ನು ಆಕಾಶಕ್ಕೆತ್ತಿ ಒಂದು ಸಸಿ ನೆಟ್ಟಳು. ನೂರಕ್ಕೆ ನೂರು. ಸಸಿ ಅಡ್ಡಬಿತ್ತು.)

ಪ್ರಭುಸ್ವಾಮಿ: ಪಾಸು. ನಾಳ ಒಂಬತ್ತಕ್ಕ ಬಂದ್ಬುಡಿ. ಮೊದ್ಲು ಯಾರ್ಗ ಕಲ್ಸ್ತೀರಿ?

(ಅವಳು ಬಟ್ಟೆ ಬಿಚ್ಚಿ, ಬಿದ್ದ ಸಸಿಯನ್ನೆತ್ತಿ ಹೆಬ್ಬೆರಳಿನಿಂದ ಒತ್ತಿ ನಿಲ್ಲಿಸಿದಳು. ಕನ್ನಡಕ ತೆಗೆದು ಅವನ ಕೈಗಿಟ್ಟಳು.)

ದೊಡ್ಡಮಾದಮ್ಮ: ಮೊದ್ಲು ಇದ್ಕ. ನನ್ ಗಾಯ ಮಾದು ಆರ್ ತಿಂಗ್ಳಾಯ್ತು, ಇದ್ಕ ಇನ್ನೂ ಮಾದಿಲ್ಲ.